ಟ್ರೊಂಬೋನ್ ಪುಟಗಳ ಹಕ್ಕಿನ ಲೆಕ್ಕ

2024ರ ಜನವರಿ 1ರಂದು ಅಮೆರಿಕದಲ್ಲಿ ಟ್ರೊಂಬೋನ್ ವಾದಕರ ನಿತ್ಯಾಭ್ಯಾಸದ ಪುಸ್ತಕವೊಂದು ಕಾಪಿರೈಟ್‌ನಿಂದ ಬಿಡುಗಡೆಯಾಯಿತು. ಬಾಸ್ಟನ್ ಸಿಂಫನಿ ವಾದ್ಯವೃಂದದ ಮುಖ್ಯ ಟ್ರೊಂಬೋನ್ ವಾದಕರಾಗಿದ್ದ ಜೋನೆಸ್ ರೋಷು 1928ರಲ್ಲಿ ಹೊರತಂದ 'ಮೆಲೋಡಿಯಸ್ ಎಟ್ಯೂಡ್ಸ್' ಅದು. ಮೂರು ಭಾಗ, 120 ಪಾಠ. ವಾದಕರ ಬಾಯಲ್ಲಿ ಅದರ ಹೆಸರು ಬರೀ 'ರೋಷು'.

ಸ್ವಾರಸ್ಯವೆಂದರೆ ಈ ಪಾಠಗಳು ಟ್ರೊಂಬೋನ್‌ಗಾಗಿ ಹುಟ್ಟಿದವೇ ಅಲ್ಲ. ಇಟಲಿಯ ಗಾಯಕ ಮಾರ್ಕೊ ಬೊರ್ಡೋನ್ಯಿ ಶಿಷ್ಯರ ಕಂಠ ಪಳಗಿಸಲು ಬರೆದ ಸ್ವರಾಭ್ಯಾಸಗಳನ್ನು ರೋಷು ಈ ವಾದ್ಯಕ್ಕೆ ಒಗ್ಗಿಸಿದರು. ಅದಕ್ಕೆ ಕಾರಣವೂ ಇದೆ. ಪೊಲೀಸ್ ಬ್ಯಾಂಡ್‌ನಲ್ಲಿ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತ ಊದುವ ಹಿತ್ತಾಳೆ ವಾದ್ಯವನ್ನು ಅನೇಕರು ನೋಡಿರುತ್ತಾರೆ; ಅದೇ ಟ್ರೊಂಬೋನ್. ಟ್ರಂಪೆಟ್‌ನಂತೆ ಬೆರಳಿನಿಂದ ಒತ್ತಿ ಸ್ವರ ಬದಲಿಸುವ ಅನುಕೂಲ ಅದಕ್ಕಿಲ್ಲ. ಕೊಳವೆಯನ್ನು ಏಳು ಸ್ಥಾನಗಳಲ್ಲಿ ಕಿವಿಯ ಅಂದಾಜಿನಿಂದಲೇ ನಿಲ್ಲಿಸಬೇಕು. ಊದುತ್ತಲೇ ಎಳೆದರೆ ನಡುವೆ ದನಿ ಜಾರುತ್ತದೆ. ನಾಲಗೆಯ ತುದಿಯನ್ನು 'ದ' ಎನ್ನುವಷ್ಟು ಮೆಲ್ಲಗೆ ತಟ್ಟಿ, ಅದೇ ಕ್ಷಣದಲ್ಲಿ ಕೈ ಸರಿಸಿದರೆ ಮಾತ್ರ ಜಾರು ಕೇಳಿಸದು. ಸ್ವರದಿಂದ ಸ್ವರಕ್ಕೆ ಕಡಿಯದೆ ಸಾಗುವುದನ್ನು ಕಲಿಸುವ ಹಾಡುಗಾರರ ಪಾಠ ಇಲ್ಲಿ ಒದಗಿಬಂತು.

ಬೊರ್ಡೋನ್ಯಿ ತೀರಿಕೊಂಡದ್ದು 1856ರಲ್ಲಿ. ಅವರ ಮೂಲ ಯಾವತ್ತೋ ಸಾರ್ವಜನಿಕ ಸ್ವತ್ತು. ಆದರೂ ರೋಷು ಮಾಡಿದ ರೂಪಾಂತರಕ್ಕೆ ಪ್ರತ್ಯೇಕ ಹಕ್ಕಿತ್ತು. ಪ್ರಕಟವಾಗಿ 95 ವರ್ಷ ತುಂಬುವವರೆಗೆ ಅಮೆರಿಕದಲ್ಲಿ ಅದನ್ನು ಸ್ಕ್ಯಾನ್ ಮಾಡಿ ಹಂಚುವಂತಿರಲಿಲ್ಲ. ಹಳೆಯ ಸಂಗೀತವನ್ನು ಇಂಟರ್ನೆಟ್‌ನಲ್ಲಿ ಹಂಚುವವರು ಎಡವುವುದು ಇಲ್ಲಿಯೇ. ಸಂಯೋಜಕರ ನಿಧನದ ವರ್ಷವೊಂದನ್ನೇ ನೋಡಿದರೆ ಸಾಲದು. ಪುಟವನ್ನು ಸಂಪಾದಿಸಿದವರು, ಬೇರೆ ವಾದ್ಯಕ್ಕೆ ಹೊಂದಿಸಿದವರು ಯಾರು, ಯಾವಾಗ ಎಂಬುದನ್ನೂ ನೋಡಬೇಕು.

ಈ ಲೆಕ್ಕ ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂಬುದು ಜಗಳಕ್ಕೆ ಬಂದದ್ದು 2007ರಲ್ಲಿ. ಬಾಸ್ಟನ್‌ನಲ್ಲಿ ಸಂಗೀತ ಕಲಿಯುತ್ತಿದ್ದ ಎಡ್ವರ್ಡ್ ಗುವೊ 2006ರ ಫೆಬ್ರವರಿಯಲ್ಲಿ ಐಎಂಎಸ್ಎಲ್‌ಪಿ ಎಂಬ ಉಚಿತ ನೊಟೇಷನ್ ಭಂಡಾರ ಆರಂಭಿಸಿದ್ದರು. 1501ರಲ್ಲಿ ವೆನಿಸ್‌ನಲ್ಲಿ ಅಚ್ಚಿನ ಮೊಳೆಗಳಿಂದ ಸಂಗೀತ ಮುದ್ರಿಸಿದ ಒಟಾವಿಯಾನೊ ಪೆಟ್ರುಚ್ಚಿಯ ಹೆಸರೂ ಅದಕ್ಕಿದೆ. ಭಂಡಾರದ ಸರ್ವರ್ ಇದ್ದದ್ದು ಕೆನಡಾದಲ್ಲಿ. ಅಲ್ಲಿ ಆಗ ಕರ್ತೃವಿನ ಮರಣಾನಂತರ 50 ವರ್ಷಕ್ಕೆ ಹಕ್ಕು ಮುಗಿಯುತ್ತಿತ್ತು. ಯುರೋಪಿನಲ್ಲಿ 70 ವರ್ಷ. ಯುರೋಪಿನಲ್ಲಿ ಇನ್ನೂ ಹಕ್ಕಿರುವ ಕೃತಿಗಳೂ ಭಂಡಾರದಲ್ಲಿ ಸಿಗುತ್ತಿವೆ ಎಂದು ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಪ್ರಕಾಶನ ವಕೀಲರ ನೋಟಿಸ್ ಕಳಿಸಿತು. ಅಕ್ಟೋಬರ್‌ನಲ್ಲಿ ಬಾಗಿಲು ಮುಚ್ಚಿದ ಭಂಡಾರ ಮತ್ತೆ ತೆರೆದದ್ದು 2008ರ ಜೂನ್ 30ರಂದು. ಈಗ ಅಲ್ಲಿನ ಸ್ವಯಂಸೇವಕರು ಒಂದೊಂದು ಕಡತವೂ ಯಾವ ದೇಶದಲ್ಲಿ ಮುಕ್ತ, ಎಲ್ಲಿ ಅಲ್ಲ ಎಂದು ಪರಿಶೀಲಿಸಿ ಗುರುತು ಹಾಕುತ್ತಾರೆ.

ಕಾನೂನಿನ ಕಾಟವೇ ಇಲ್ಲದ ಕೃತಿಯಲ್ಲೂ ಕೆಲಸ ಉಳಿದಿರುತ್ತದೆ. ಬೀಥೋವನ್‌ನ ಐದನೇ ಸಿಂಫನಿಯಲ್ಲಿ ಮೂವರು ಟ್ರೊಂಬೋನ್ ವಾದಕರು ಮೂರು ಭಾಗ ಮುಗಿಯುವವರೆಗೆ ಸುಮ್ಮನೆ ಕೂತಿದ್ದು, ಕೊನೆಯದರಲ್ಲಿ ಮಾತ್ರ ದನಿಗೂಡಿಸುತ್ತಾರೆ. ನೊಟೇಷನ್‌ನ ಯಾವ ಗೆರೆ ಯಾವ ಸ್ವರ ಎಂದು ತಿಳಿಸುವ ಗುರುತು ಕ್ಲೆಫ್; ಮೊದಲ ಟ್ರೊಂಬೋನ್‌ನ ಸ್ವರಗಳಿರುವುದು ಆಲ್ಟೊ ಕ್ಲೆಫ್‌ನಲ್ಲಿ. ಬಾಸ್ ಕ್ಲೆಫ್ ಮಾತ್ರ ಓದಬಲ್ಲ ವಿದ್ಯಾರ್ಥಿಗೆ ಹಳೆಯ ಸ್ಕ್ಯಾನ್ ಅಷ್ಟಾಗಿ ಉಪಯೋಗಕ್ಕೆ ಬಾರದು. ಹೀಗಾಗಿ ಕೆಲವರು ಉಚಿತ ತಂತ್ರಾಂಶಗಳಾದ ಮ್ಯೂಸ್‌ಸ್ಕೋರ್ ಅಥವಾ ಲಿಲಿಪಾಂಡ್ ಬಳಸಿ, ಒಂದೊಂದೇ ಸ್ವರ ಕೂರಿಸಿ, ಕ್ಲೆಫ್ ಬದಲಿಸಿ ಹೊಸ ಪುಟ ಸಿದ್ಧಪಡಿಸುತ್ತಾರೆ. ವಾದಕ ಪುಟ ತಿರುವಲು ಕೈ ಬಿಡುವಾಗುವಂತೆ ವಿರಾಮದ ಜಾಗದಲ್ಲೇ ಪುಟ ಮುಗಿಸುವುದು ಒಳ್ಳೆಯ ಪ್ರತಿಯ ಲಕ್ಷಣ.

ಟ್ರೊಂಬೋನ್‌ಗಾಗಿಯೇ ಬರೆದ ಕೃತಿಗಳ ಪೈಕಿ ಫೆರ್ಡಿನಾಂಡ್ ಡೇವಿಡ್‌ರ ಕನ್ಸರ್ಟಿನೊ, 1915ರ ಸೇಂಟ್-ಸಾನ್ಸ್ ಕವಟೀನ್‌ಗಳ ಮೂಲ ಆವೃತ್ತಿಗಳನ್ನು ನಿಶ್ಚಿಂತೆಯಿಂದ ಹಂಚಬಹುದು. ಪೌಲ್ ಹಿಂಡೆಮಿತ್ 1941ರಲ್ಲಿ ರಚಿಸಿದ ಟ್ರೊಂಬೋನ್ ಸೊನಾಟಾ ಹಾಗಲ್ಲ. ಅವರು ನಿಧನರಾದದ್ದು 1963ರ ಡಿಸೆಂಬರ್‌ನಲ್ಲಿ. ಕೆನಡಾದಲ್ಲಿ ಆ ಸೊನಾಟಾ 2014ರಲ್ಲೇ ಮುಕ್ತವಾಯಿತು. ಮರಣಾನಂತರ 60 ವರ್ಷದ ನಿಯಮವಿರುವ ಭಾರತದಲ್ಲಿ 2024ರ ಜನವರಿಯಿಂದ ಅದನ್ನು ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು. ಹಿಂಡೆಮಿತ್‌ರ ಸ್ವಂತ ನಾಡು ಜರ್ಮನಿಯ ವಾದಕರು ಮಾತ್ರ 2033 ಮುಗಿಯುವವರೆಗೆ ಅಂಗಡಿಯಲ್ಲಿ ದುಡ್ಡು ಕೊಟ್ಟೇ ಕೊಳ್ಳಬೇಕು.