ಏಡ್ಸ್: ಸಿನಿಮಾ ಬಿಟ್ಟುಹೋದ ಭಯ, ಔಷಧ ತಂದ ಬದಲಾವಣೆ

ಏಡ್ಸ್ ಕುರಿತ ‘ಮೈ ಬ್ರದರ್... ನಿಖಿಲ್’ ಸಿನಿಮಾ ನೋಡಿದವರು ಒಂದು ದೃಶ್ಯವನ್ನು ನಂಬುವುದೇ ಇಲ್ಲ. “ರೋಗ ಬಂದಾಂವನ್ನ ಪೊಲೀಸರು ಯಾಕ ಒಯ್ತಾರ? ಸಿನಿಮಾದವ್ರು ಉಪ್ಪುಖಾರ ಹಚ್ಯಾರ” ಎಂಬ ಮಾತನ್ನು ಬೆಳಗಾವಿಯ ಕ್ಯಾಂಪಿನಲ್ಲೇ ಕೇಳಿದ್ದೇನೆ. ಓನಿರ್ ನಿರ್ದೇಶಿಸಿದ ಆ 2005ರ ಚಿತ್ರದಲ್ಲಿ ನಾಯಕ ಈಜುಗಾರ ಎಂಬುದು ಕಲ್ಪನೆ. ಅವನನ್ನು ಕೂಡಿಹಾಕುವುದು ಮಾತ್ರ ಕಲ್ಪನೆಯಲ್ಲ. ಖಾನಾಪುರ ದಾಟಿ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ ಅದು ನಡೆದದ್ದೇ.

ಪರ್ರಾ ಗ್ರಾಮದ ಡೊಮಿನಿಕ್ ಡಿಸೋಜಾ ಆಗಾಗ ರಕ್ತದಾನ ಮಾಡುತ್ತಿದ್ದ ಯುವಕ. ಕೊಟ್ಟ ರಕ್ತದಲ್ಲಿ ಏಡ್ಸ್ ತರುವ ವೈರಾಣು ಎಚ್‌ಐವಿ ಕಂಡುಬಂತು. 1989ರ ಫೆಬ್ರುವರಿಯಲ್ಲಿ ಪೊಲೀಸರು ಬಂದು ಕರೆದೊಯ್ದರು. ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಅವರೊಬ್ಬರನ್ನೇ ಇಟ್ಟರು. ಅದಕ್ಕೆ ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬೆಂಬಲವಿತ್ತು. ತಾಯಿ ಲೂಸಿ ಡಿಸೋಜಾ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಮಗ ಮನೆಗೆ ಬಂದ, ಆದರೆ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. 1992ರಲ್ಲಿ ಡೊಮಿನಿಕ್ ‘ಪಾಸಿಟಿವ್ ಪೀಪಲ್’ ಸಂಸ್ಥೆಯನ್ನು ಹುಟ್ಟುಹಾಕಿದರು, ಅದೇ ವರ್ಷ ತೀರಿಕೊಂಡರು. ಗಾಳಿಯಲ್ಲಿ ಹರಡದ ವೈರಾಣುವಿಗಾಗಿ ಮನುಷ್ಯನನ್ನು ಕೂಡಿಹಾಕಿದರೆ ಯಾರಿಗೂ ರಕ್ಷಣೆ ಸಿಗುವುದಿಲ್ಲ. ಪರೀಕ್ಷೆಗೆ ಬರಬೇಕಾದವರು ಹೆದರಿ ಮನೆಯಲ್ಲೇ ಉಳಿಯುತ್ತಾರೆ, ಅಷ್ಟೆ.

ಕೇಳಿಬರುವ ಇನ್ನೊಂದು ಮಾತು, “ಸೊಳ್ಳಿ ಕಡದ್ರೂ ಬರ್ತದ.” ಬರುವುದಿಲ್ಲ. ಮಲೇರಿಯಾದ ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುತ್ತದೆ, ಎಚ್‌ಐವಿ ಅಲ್ಲಿ ಬೆಳೆಯಲಾರದು. ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಖಾನಾಪುರದ ಮಳೆಗಾಲದಲ್ಲಿ ಸೊಳ್ಳೆಗೆ ಹೆದರಲು ಬೇರೆ ಕಾರಣಗಳಿವೆ, ಇದು ಅವುಗಳಲ್ಲಿ ಒಂದಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಕೈಕುಲುಕಿದರೆ, ಒಂದೇ ಬೆಂಚಿನ ಮೇಲೆ ಕುಳಿತರೆ ಕೂಡ ಹರಡುವುದಿಲ್ಲ. ಸಂತೋಷ್ ಶಿವನ್ ಅವರ ಕನ್ನಡ ಕಿರುಚಿತ್ರ ‘ಪ್ರಾರಂಭ’ (2007) ಎಚ್‌ಐವಿ ಇದೆಯೆಂದು ಶಾಲೆಯಿಂದ ಹೊರಬಿದ್ದ ಹುಡುಗನ ಕತೆ ಹೇಳುತ್ತದೆ. ಹಾಗೆ ಹೊರಹಾಕುವುದು ಈಗ ಕಾನೂನುಬಾಹಿರ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಶಾಲೆ, ನೌಕರಿ, ಬಾಡಿಗೆ ಮನೆ, ಚಿಕಿತ್ಸೆ ಎಲ್ಲದರಲ್ಲೂ ತಾರತಮ್ಯವನ್ನು ನಿಷೇಧಿಸುತ್ತದೆ. ಬೇರ್ಪಡಿಸಿ ಇಡುವುದನ್ನೂ.

“ಅದು ಅಂಥವರ ರೋಗ” ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. 1986ರಲ್ಲಿ ಚೆನ್ನೈನ ವೈದ್ಯೆ ಸುನೀತಿ ಸಾಲೊಮನ್ ಮತ್ತು ಸಂಶೋಧನಾ ವಿದ್ಯಾರ್ಥಿನಿ ನಿರ್ಮಲಾ ದೇಶದಲ್ಲಿ ಮೊದಲ ಬಾರಿ ಎಚ್‌ಐವಿ ಪತ್ತೆ ಮಾಡಿದರು. ಅವರು ರಕ್ತ ಸಂಗ್ರಹಿಸಿದ್ದು ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳಿಂದ. ಹುಡುಕಿದ ಕಡೆ ಸಿಕ್ಕಿತು, ಆದರೆ ಸಿಕ್ಕ ಕಡೆಯೇ ಹುಟ್ಟಿತು ಎಂದು ಜನ ತಿಳಿದರು. ಬೆಳಗಾವಿ ಜಿಲ್ಲೆಯಲ್ಲಿ ಆ ಕಳಂಕ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ದೇವದಾಸಿಯರ ಮೇಲೆ ಬಿತ್ತು. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿದೆ. ಕಟ್ಟಿಸಿದವರನ್ನು ಬಿಟ್ಟು, ಕಟ್ಟಿಸಿಕೊಂಡವರನ್ನು ಊರು ದೂರಿತು. ವೈರಾಣು ಜಾತಿ, ವೃತ್ತಿ ನೋಡುವುದಿಲ್ಲ. ಕಾಂಡೋಮ್ ಇಲ್ಲದ ಸಂಭೋಗ, ಹಂಚಿಕೊಂಡ ಸೂಜಿ, ಪರೀಕ್ಷಿಸದ ರಕ್ತ, ಚಿಕಿತ್ಸೆ ಪಡೆಯದ ತಾಯಿಯಿಂದ ಮಗು: ಅದರ ದಾರಿಗಳು ಇವು. ಬಾಗಲಕೋಟೆ, ಬೆಳಗಾವಿ ಕಡೆ ಈ ಹೆಣ್ಣುಮಕ್ಕಳೇ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಕಟ್ಟಿಕೊಂಡು, ಕಾಂಡೋಮ್ ಹಂಚಿ, ಒಬ್ಬರನ್ನೊಬ್ಬರು ಆಸ್ಪತ್ರೆಗೆ ಕರೆದೊಯ್ದರು.

ಕೊನೆಯ ಮಾತು, “ಬಂತಂದ್ರ ಮುಗೀತು.” ಆ ಕಾಲದ ಸಿನಿಮಾಗಳು ಸಾವಿನಲ್ಲೇ ಮುಗಿಯುವುದಕ್ಕೆ ಕಾರಣವಿದೆ. 1987ರಲ್ಲಿ ಬಂದ ಎಝಡ್‌ಟಿ ಒಂದೇ ಔಷಧ, ಅದರ ಗುಣ ಬಹುಕಾಲ ಉಳಿಯುತ್ತಿರಲಿಲ್ಲ. ಮೂರು ಔಷಧ ಕೂಡಿಸಿ ಕೊಡುವ ಪದ್ಧತಿ 1996ರ ಹೊತ್ತಿಗೆ ಬಂತು. 2001ರಲ್ಲಿ ಸಿಪ್ಲಾ ಅದನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾಯಿತು, 2004ರ ಏಪ್ರಿಲ್‌ನಿಂದ ಭಾರತ ಸರ್ಕಾರ ಉಚಿತವಾಗಿ ಕೊಡತೊಡಗಿತು. ವೈರಾಣು ಪೂರ್ತಿ ಹೋಗುವುದಿಲ್ಲ. ಆದರೆ ದಿನವೂ ಗುಳಿಗೆ ನುಂಗಿದರೆ ಅದು ಪರೀಕ್ಷೆಯಲ್ಲಿ ಕಾಣದಷ್ಟು ಕುಗ್ಗುತ್ತದೆ, ಆಗ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಗರ್ಭಿಣಿ ಚಿಕಿತ್ಸೆ ಪಡೆದರೆ ಮಗುವಿಗೆ ಹರಡುವ ಸಂಭವ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಈ ಔಷಧ ಕೊಡುವ ಎಆರ್‌ಟಿ ಕೇಂದ್ರವಿದೆ, ಗುಳಿಗೆಗೆ ಹಣ ಕೊಡಬೇಕಿಲ್ಲ. ಹೋಗುವ ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಅದೂ ಉಚಿತ.