ಮಾತು ಕೊಟ್ಟವಳ ಕರಾರು: ಮತ್ಸ್ಯಕನ್ಯೆ ತೆರೆಗೆ ಬಂದಾಗ ಬದಲಾಗಿದ್ದೇನು?

ಈ ವಾರದ ಸಂಚಿಕೆ ಹುಟ್ಟಿದ್ದು ನನ್ನ ಅಕ್ಕನ ಮಗಳ ಒಂದು ಪ್ರಶ್ನೆಯಿಂದ. ಅವಳಿಗೆ ಎಂಟು ವರ್ಷ. ಇಬ್ಬರೂ ಕೂತು ಡಿಸ್ನಿಯ 'ದಿ ಲಿಟಲ್ ಮರ್ಮೇಡ್' ನೋಡ್ತಾ ಇದ್ವಿ, 1989ರ ಹಳೇ ಅನಿಮೇಷನ್. ಅದರಲ್ಲಿ ಏರಿಯಲ್ ಎಂಬ ಮತ್ಸ್ಯಕನ್ಯೆ ಸಮುದ್ರದ ಮಾಟಗಾತಿ ಅರ್ಸುಲಾಳ ಮುಂದೆ ಕರಾರುಪತ್ರಕ್ಕೆ ಸಹಿ ಹಾಕ್ತಾಳೆ. ದನಿ ಕೊಟ್ಟು ಕಾಲು ಪಡೀತಾಳೆ. ಆಮೇಲೆ ರಾಜಕುಮಾರ ಎರಿಕ್ ಎದುರು ನಿಂತು ಕೈಸನ್ನೆ ಮಾಡಿ ಒದ್ದಾಡ್ತಾಳೆ. ಆಗ ಈ ಹುಡುಗಿ ಕೇಳಿದಳು: "ಸಹಿ ಹಾಕೋಕೆ ಬರುತ್ತಲ್ಲ ಅವಳಿಗೆ? ಒಂದು ಚೀಟಿ ಬರೆದು ಕೊಡಬಾರದಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ತಲೆ ಬೇರೆ ಕಡೆ ಓಡಿತು. ನಾನು ಬಿ.ಕಾಂ. ಓದಿದವನು, ಕರಾರು ಕಾಯ್ದೆ, 1872 ಅನ್ನೋ ಪೇಪರನ್ನ ಬೈಕೊಂಡೇ ಪಾಸು ಮಾಡಿದವನು. ಅಪ್ರಾಪ್ತ ವಯಸ್ಸಿನವರು ಮಾಡಿಕೊಂಡ ಕರಾರು ಆರಂಭದಿಂದಲೇ ಅಸಿಂಧು. 1903ರ ಮೊಹೊರಿ ಬೀಬಿ ಪ್ರಕರಣದ ತೀರ್ಪು ಅದು, ಕಾಮರ್ಸ್ ಓದಿದ ಎಲ್ಲರಿಗೂ ಬಾಯಿಪಾಠ. ಏರಿಯಲ್‌ಗೆ ಹದಿನಾರು. ನಮ್ಮ ಕೋರ್ಟಿಗೆ ಬಂದಿದ್ರೆ ಮೊದಲ ದಿನವೇ ಕೇಸು ಮುಗೀತಿತ್ತು.

ತಮಾಷೆ ಬಿಡಿ. ಈ ಕಥೆಯನ್ನು ಕರಾರಿನ ಕಡೆಯಿಂದ ನೋಡಿದ್ರೆ, ತೆರೆಗೆ ಬಂದ ಪ್ರತಿ ಸಲವೂ ಇದು ಯಾಕೆ ಬೇರೆ ಬೇರೆಯಾಗಿ ಮುಗಿಯುತ್ತೆ ಅನ್ನೋದು ಬಹಳ ಸ್ಪಷ್ಟವಾಗುತ್ತೆ. ಕೊನೆ ಬದಲಿಸೋಕೆ ಮುಂಚೆ ಸಿನಿಮಾದವರು ಷರತ್ತು ಬದಲಿಸಿರ್ತಾರೆ.

ಮೊದಲು ಮೂಲ ಕಥೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಇದನ್ನು ಪ್ರಕಟಿಸಿದ್ದು 1837ರಲ್ಲಿ. ಕಡಲ ರಾಜನಿಗೆ ಆರು ಹೆಣ್ಣುಮಕ್ಕಳು, ಹದಿನೈದು ತುಂಬಿದ ಮೇಲೆ ನೀರಿನ ಮೇಲೆ ಬಂದು ಲೋಕ ನೋಡೋಕೆ ಅನುಮತಿ. ಕಿರಿಯವಳು ಮೇಲೆ ಬಂದ ದಿನ ಬಿರುಗಾಳಿಗೆ ಹಡಗು ಮುಳುಗುತ್ತೆ, ಅವಳು ರಾಜಕುಮಾರನನ್ನ ಉಳಿಸ್ತಾಳೆ. ಅವನಿಗೆ ಅದು ಗೊತ್ತಿಲ್ಲ. ಎಚ್ಚರವಾದಾಗ ದಡದಲ್ಲಿ ಕಂಡ ಇನ್ನೊಬ್ಬ ಹುಡುಗಿಯೇ ತನ್ನನ್ನ ಉಳಿಸಿದವಳು ಅಂತ ಅಂದುಕೊಳ್ತಾನೆ.

ಇಲ್ಲಿ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುವ ಒಂದು ವಿಷಯ ಇದೆ: ಆತ್ಮ. ಅಜ್ಜಿ ಹೇಳ್ತಾಳೆ, ನಾವು ಮುನ್ನೂರು ವರ್ಷ ಬದುಕ್ತೀವಿ, ಆಮೇಲೆ ನೊರೆಯಾಗಿ ಹೋಗ್ತೀವಿ, ಅಷ್ಟೇ. ಮನುಷ್ಯರ ಆಯುಸ್ಸು ಚಿಕ್ಕದು, ಆದ್ರೆ ಅವರಿಗೆ ಸಾವಿಲ್ಲದ ಆತ್ಮ ಇದೆ. ಒಬ್ಬ ಮನುಷ್ಯ ಮನಸಾರೆ ಪ್ರೀತಿಸಿ ಮದುವೆಯಾದ್ರೆ ಮಾತ್ರ ಅದರಲ್ಲಿ ನಮಗೂ ಪಾಲು ಸಿಗುತ್ತೆ. ಅಂದ್ರೆ ಈ ಹುಡುಗಿಗೆ ಬೇಕಿರೋದು ಬರೀ ರಾಜಕುಮಾರ ಅಲ್ಲ.

ಅವಳು ಮಾಟಗಾತಿ ಹತ್ರ ಹೋಗ್ತಾಳೆ. ಈ ದೃಶ್ಯ ಓದಿದಾಗ ನನಗೆ ಆಶ್ಚರ್ಯ ಆಗಿದ್ದು ಏನು ಗೊತ್ತಾ? ಆಂಡರ್ಸನ್ನನ ಮಾಟಗಾತಿ ಮೋಸ ಮಾಡಲ್ಲ. ಒಂದೇ ಒಂದು ಕಡೆಯೂ ಮಾಡಲ್ಲ. ನೀನು ಮಾಡ್ತಿರೋದು ಮೂರ್ಖತನ ಅಂತ ಮೊದಲೇ ಹೇಳ್ತಾಳೆ. ಪ್ರತಿ ಹೆಜ್ಜೆಯೂ ಚೂರಿ ಮೇಲೆ ಇಟ್ಟ ಹಾಗೆ ನೋಯುತ್ತೆ, ಮತ್ತೆ ಮೀನಾಗೋಕೆ ಆಗಲ್ಲ, ಅವನು ಬೇರೆಯವಳನ್ನ ಮದುವೆಯಾದ್ರೆ ಮರುದಿನ ಬೆಳಿಗ್ಗೆ ನಿನ್ನ ಎದೆ ಒಡೆದು ನೊರೆಯಾಗ್ತೀಯ. ಎಲ್ಲ ಬಿಡಿಸಿ ಹೇಳ್ತಾಳೆ, ಸಣ್ಣ ಅಕ್ಷರದಲ್ಲಿ ಬಚ್ಚಿಟ್ಟಿದ್ದು ಏನೂ ಇಲ್ಲ. ಇವತ್ತು ಫೋನಲ್ಲಿ ಸಾಲ ಕೊಡೋ ಆ್ಯಪ್‌ಗಳು ಇಷ್ಟು ಪ್ರಾಮಾಣಿಕವಾಗಿದ್ರೆ ನಮ್ಮ ಎಷ್ಟೋ ಜನ ಉಳೀತಿದ್ರು. ಪ್ರತಿಫಲವಾಗಿ ಕೇಳೋದು ಅವಳ ದನಿ. ತಗೊಳ್ಳೋ ರೀತಿ ನೋಡಿ: ನಾಲಿಗೆ ಕತ್ತರಿಸ್ತಾಳೆ.

ಕನ್ನಡದಲ್ಲಿ 'ಮಾತು ಕೊಟ್ಟಳು' ಅಂದ್ರೆ ವಚನ ಕೊಟ್ಟಳು ಅಂತ. ಇವಳು ಅಕ್ಷರಶಃ ಮಾತನ್ನೇ ಕೊಟ್ಟುಬಿಡ್ತಾಳೆ. ಕತ್ತರಿಸಿದ ನಾಲಿಗೆ ವಾಪಸ್ ಬರಲ್ಲ. ಅಕೌಂಟೆನ್ಸಿ ಭಾಷೇಲಿ ಹೇಳಬೇಕಂದ್ರೆ ಅದು ಠೇವಣಿ ಅಲ್ಲ, ಖರ್ಚು.

ಮುಂದಿನದು ನಿಮಗೆ ಗೊತ್ತಿರಬಹುದು. ರಾಜಕುಮಾರ ಅವಳನ್ನ ಇಷ್ಟಪಡ್ತಾನೆ, ಆದರೆ ಮಗುವನ್ನ ಇಷ್ಟಪಡೋ ಹಾಗೆ. ತನ್ನ ಬಾಗಿಲ ಹೊರಗೆ ಮಖಮಲ್ಲಿನ ದಿಂಬಿನ ಮೇಲೆ ಮಲಗೋಕೆ ಜಾಗ ಕೊಡ್ತಾನೆ. ಪಕ್ಕದ ರಾಜ್ಯದ ರಾಜಕುಮಾರಿಯನ್ನ ನೋಡಿದಾಗ, ನನ್ನನ್ನ ಉಳಿಸಿದವಳು ಇವಳೇ ಅಂತ ಮದುವೆಯಾಗ್ತಾನೆ. ಅಕ್ಕಂದಿರು ತಮ್ಮ ಕೂದಲು ಕತ್ತರಿಸಿ ಮಾಟಗಾತಿಗೆ ಕೊಟ್ಟು ಒಂದು ಚೂರಿ ತರ್ತಾರೆ: ಸೂರ್ಯ ಹುಟ್ಟೋದ್ರೊಳಗೆ ಅವನನ್ನ ಕೊಂದು ಆ ರಕ್ತ ಕಾಲಿಗೆ ಬಿದ್ರೆ ಬಾಲ ವಾಪಸ್ ಬರುತ್ತೆ. ಅವಳು ಚೂರಿ ಎಸೆದು ಸಮುದ್ರಕ್ಕೆ ಹಾರ್ತಾಳೆ. ನೊರೆಯಾಗೋ ಹೊತ್ತಿಗೆ 'ಗಾಳಿಯ ಹೆಣ್ಣುಮಕ್ಕಳು' ಬಂದು ಅವಳನ್ನ ಮೇಲೆತ್ತಿಕೊಳ್ತಾರೆ, ಮುನ್ನೂರು ವರ್ಷ ಒಳ್ಳೇ ಕೆಲಸ ಮಾಡಿದ್ರೆ ಆತ್ಮ ಸಿಗುತ್ತೆ ಅಂತಾರೆ. ಮಕ್ಕಳು ತುಂಟತನ ಮಾಡಿದ್ರೆ ಆ ಅವಧಿ ಹೆಚ್ಚಾಗುತ್ತಂತೆ! 'ಮೇರಿ ಪಾಪಿನ್ಸ್' ಬರೆದ ಪಿ.ಎಲ್. ಟ್ರಾವರ್ಸ್ ಇದನ್ನ ಬ್ಲ್ಯಾಕ್‌ಮೇಲ್ ಅಂತಲೇ ಕರೆದಿದ್ದರು. ನನ್ನ ವೋಟು ಅವರಿಗೆ.

ಈ ಕಥೆಯಲ್ಲಿ ಖಳ ಯಾರು ಹೇಳಿ? ಮಾಟಗಾತಿ ಸತ್ಯ ಹೇಳಿದಳು. ರಾಜಕುಮಾರನಿಗೆ ಏನೂ ಗೊತ್ತೇ ಇರಲಿಲ್ಲ. ಮದುವೆಯಾದ ಹುಡುಗಿ ಒಳ್ಳೆಯವಳು. ಯಾರೂ ಮೋಸ ಮಾಡದೇ ಒಬ್ಬಳು ಪೂರ್ತಿ ಕಳಕೊಳ್ತಾಳೆ. ಇದು ಬರೆದವನ ಬದುಕಿಗೂ ದೂರದ್ದಲ್ಲ. ಚಮ್ಮಾರನ ಮಗ ಆಂಡರ್ಸನ್ ಹದಿನಾಲ್ಕನೇ ವಯಸ್ಸಿಗೆ ಒಬ್ಬನೇ ಕೋಪನ್‌ಹೇಗನ್ನಿಗೆ ಬಂದವನು; ಒಳ್ಳೆ ಕಂಠ ಇತ್ತು, ಹಾಡಿನ ಬಲದಲ್ಲೇ ರಂಗಭೂಮಿ ಸೇರೋ ಆಸೆ. ಸ್ವಲ್ಪ ದಿನಕ್ಕೇ ಹರೆಯ ಬಂದು ದನಿ ಒಡೆದುಹೋಯಿತು. ಆಮೇಲೆ ತನಗೆ ಆಶ್ರಯ ಕೊಟ್ಟ ಮನೆತನದ ಎಡ್ವರ್ಡ್ ಕೊಲಿನ್ ಮೇಲೆ ಬೆಳೆದ ಪ್ರೀತಿಗೆ ಅದೇ ಉತ್ತರ ಸಿಗಲಿಲ್ಲ. ಕೊಲಿನ್ ಮದುವೆಯಾಗಿದ್ದು 1836ರಲ್ಲಿ, ಕಥೆ ಬಂದಿದ್ದು ಮುಂದಿನ ವರ್ಷ. ಎರಡನ್ನೂ ಸೇರಿಸಿ ಓದೋ ವಿಮರ್ಶಕರು ಬಹಳ ಜನ ಇದ್ದಾರೆ.

ಈಗ ಡಿಸ್ನಿಗೆ ಬರೋಣ. ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್ ನಿರ್ದೇಶನ. ಎರಡು ಆಸ್ಕರ್ ಬಂತು, ಎರಡೂ ಸಂಗೀತಕ್ಕೆ. ಕರಾರನ್ನ ಮಾತ್ರ ನೋಡಿ. ಒಂದು, ಆತ್ಮ ಇಲ್ಲ. ಎರಡು, ಗಡುವು ಬಂತು: ಮೂರನೇ ದಿನ ಸೂರ್ಯ ಮುಳುಗೋದ್ರೊಳಗೆ ನಿಜವಾದ ಪ್ರೀತಿಯ ಒಂದು ಮುತ್ತು. ಮೂರು, ಸೋತರೆ ಸಾವಲ್ಲ, ಅರ್ಸುಲಾಳ ಗುಲಾಮಗಿರಿ. ನಾಲ್ಕನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ದನಿಯನ್ನ ಕತ್ತರಿಸಲ್ಲ, ಶಂಖದ ಚಿಪ್ಪಿನೊಳಗೆ ಇಡ್ತಾಳೆ. ಅಂದ್ರೆ ಖರ್ಚು ಅಲ್ಲ, ಠೇವಣಿ. ಚಿಪ್ಪು ಒಡೆದ್ರೆ ದನಿ ವಾಪಸ್. ಸುಖಾಂತ್ಯ ಕೊನೆಯ ದೃಶ್ಯದಲ್ಲಿ ಬಂದಿದ್ದಲ್ಲ, ಸಹಿ ಹಾಕಿದ ಕ್ಷಣದಲ್ಲೇ ಬಂದಾಗಿತ್ತು.

ಅರ್ಸುಲಾ ಮೋಸ ಮಾಡ್ತಾಳೆ, ಮಾಡಲೇಬೇಕು. ಮುತ್ತಿಡೋ ಹೊತ್ತಿಗೆ ದೋಣಿ ಮಗುಚಿಸ್ತಾಳೆ, ಅದೇ ದನಿ ಕತ್ತಿಗೆ ಕಟ್ಟಿಕೊಂಡು ಸುಂದರಿಯಾಗಿ ಬಂದು ಎರಿಕ್‌ನನ್ನ ಮರುಳು ಮಾಡ್ತಾಳೆ. ಅಪ್ಪ ಟ್ರೈಟನ್ ತ್ರಿಶೂಲದಿಂದ ಕರಾರುಪತ್ರ ಸುಡೋಕೆ ನೋಡ್ತಾನೆ, ಆಗಲ್ಲ. ಕೊನೆಗೆ ಮಗಳ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೀತಾನೆ. ಜಾಮೀನು ನಿಂತು ಮುಳುಗಿದ ಅಪ್ಪಂದಿರನ್ನ ನೋಡಿದವರಿಗೆ ಆ ದೃಶ್ಯ ಬೇರೆ ಥರ ತಟ್ಟುತ್ತೆ. ಮೋಸ ಇದ್ದಿದ್ರಿಂದ ಖಳನಾಯಕಿ ಸಿಕ್ಕಳು, ಖಳನಾಯಕಿ ಸತ್ತಿದ್ರಿಂದ ಮದುವೆ ಆಯ್ತು. ಆಂಡರ್ಸನ್ನನ ಕಥೆಯಲ್ಲಿ ಕೊಲ್ಲೋಕೆ ಯಾರೂ ಇರಲಿಲ್ಲ.

ನನಗೆ ಡಿಸ್ನಿ ಮೇಲೆ ಕೋಪ ಇಲ್ಲ. ಆ ಹಾಡುಗಳು ಇವತ್ತಿಗೂ ಇಷ್ಟ. ಆದರೆ ಇದೇ ಒಂದು ಆವೃತ್ತಿ ನೋಡಿ, ತ್ಯಾಗ ಮಾಡಿದ್ದು ಹೇಗಿದ್ರೂ ತಿರುಗಿ ಬರುತ್ತೆ ಅಂತ ನಂಬಿ ಬೆಳೆದವರಲ್ಲಿ ನಾನೂ ಒಬ್ಬ.

ದುರಂತವನ್ನ ಉಳಿಸಿಕೊಂಡವರು ಅದಕ್ಕೆ ಮುಂಚೆಯೇ ಇದ್ರು. ಸೋವಿಯತ್ ಒಕ್ಕೂಟದ ಸೊಯುಜ್‌ಮುಲ್ಟ್‌ಫಿಲ್ಮ್ ಸ್ಟುಡಿಯೋದಲ್ಲಿ ಇವಾನ್ ಅಕ್ಸೆಂಚುಕ್ 1968ರಲ್ಲಿ ಮಾಡಿದ ಕಿರುಚಿತ್ರ ಇದೆ. ಜಪಾನಿನ ತೊಯೆಯಿ ಕಂಪನಿ 1975ರಲ್ಲಿ ಮಾಡಿದ್ದರಲ್ಲಿ ನಾಯಕಿ ಹೆಸರು ಮರೀನಾ, ಜೊತೆಗೊಂದು ಪುಟ್ಟ ಡಾಲ್ಫಿನ್, ಥೇಟ್ ಮಕ್ಕಳ ಸಿನಿಮಾದ ಸರಂಜಾಮು. ಆದ್ರೂ ಕೊನೆಯಲ್ಲಿ ಅವಳು ನೊರೆಯೇ ಆಗ್ತಾಳೆ.

ನನಗೆ ಹೆಚ್ಚು ಹಿಡಿಸಿದ್ದು 1976ರ ಚೆಕೊಸ್ಲೊವಾಕಿಯಾದ ಸಿನಿಮಾ, ಕಾರೆಲ್ ಕಾಖಿನ್ಯಾ ನಿರ್ದೇಶನ. ಮತ್ಸ್ಯಕನ್ಯೆಯಾಗಿ ಮಿರೊಸ್ಲಾವಾ ಶಾಫ್ರಾಂಕೋವಾ. ರಾಜಕುಮಾರ ಮದುವೆಯಾಗೋ ರಾಜಕುಮಾರಿಯಾಗಿ ಅವಳ ಸ್ವಂತ ಅಕ್ಕ ಲಿಬುಶೆ ಶಾಫ್ರಾಂಕೋವಾ, ಮೂರು ವರ್ಷ ಮುಂಚೆ ಸಿಂಡರೆಲ್ಲಾ ಆಗಿ ಮನೆಮಾತಾಗಿದ್ದ ನಟಿ. ಒಡಹುಟ್ಟಿದವರ ಮುಖದಲ್ಲಿ ಹೋಲಿಕೆ ಇರುತ್ತಲ್ವಾ? ಹಾಗಾಗಿ ರಾಜಕುಮಾರ ತಪ್ಪು ಹುಡುಗಿಯನ್ನ ಹಿಡ್ಕೊಂಡಾಗ ಅವನು ಪೆದ್ದ ಅನ್ನಿಸಲ್ಲ. ಯಾರಿಗಾದ್ರೂ ಆಗಬಹುದಾದ ತಪ್ಪು ಅನ್ನಿಸುತ್ತೆ. ಪಾತ್ರವರ್ಗದ ಒಂದೇ ಆಯ್ಕೆಯಿಂದ 'ಇಲ್ಲಿ ಖಳ ಯಾರೂ ಇಲ್ಲ' ಅನ್ನೋದನ್ನ ತೋರಿಸಿಬಿಟ್ಟರು.

ಪೋಲೆಂಡಿನ ಅಗ್ನಿಯೆಶ್ಕಾ ಸ್ಮೊಚಿನ್ಸ್ಕಾ ಅವರ 2015ರ ಸಿನಿಮಾ, ಇಂಗ್ಲಿಷಿನಲ್ಲಿ 'ದಿ ಲ್ಯೂರ್', ಮಕ್ಕಳ ಜೊತೆ ನೋಡೋದಲ್ಲ, ಮೊದಲೇ ಹೇಳಿದ್ದೀನಿ. 1980ರ ದಶಕದ ವಾರ್ಸಾ, ಒಂದು ನೈಟ್‌ಕ್ಲಬ್, ಅಲ್ಲಿ ಹಾಡೋ ಇಬ್ಬರು ಮತ್ಸ್ಯಕನ್ಯೆಯರು, ಅಕ್ಕತಂಗಿ. ಒಬ್ಬಳಿಗೆ ಬ್ಯಾಂಡಿನ ಹುಡುಗನ ಮೇಲೆ ಮನಸ್ಸಾಗುತ್ತೆ. ಬಾಲ ಕತ್ತರಿಸಿ ಕಾಲು ಹೊಲಿಸಿಕೊಳ್ತಾಳೆ, ದನಿ ಹೋಗುತ್ತೆ. ಇಲ್ಲಿ ದನಿ ಬರೀ ಸೌಂದರ್ಯ ಅಲ್ಲ, ಅವಳ ಸಂಬಳ. ಹುಡುಗ ಬೇರೆಯವಳನ್ನ ಮದುವೆಯಾಗ್ತಾನೆ. ಬೆಳಗಾಗೋದ್ರೊಳಗೆ ಅವನನ್ನ ತಿನ್ನದಿದ್ರೆ ಇವಳು ನೊರೆ. ತಿನ್ನಲ್ಲ. ಆಂಡರ್ಸನ್ನನ ಷರತ್ತುಗಳಿಗೆ ಇಷ್ಟು ನಿಷ್ಠವಾಗಿರೋದು ರಕ್ತ ಚಿಮ್ಮೋ ಮ್ಯೂಸಿಕಲ್ ಆಗಿರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

2023ರಲ್ಲಿ ಡಿಸ್ನಿಯೇ ಮತ್ತೆ ಬಂತು, ರಾಬ್ ಮಾರ್ಷಲ್ ನಿರ್ದೇಶನ, ಹ್ಯಾಲಿ ಬೇಲಿ ನಾಯಕಿ. ಅಲ್ಲಿ ಇನ್ನೊಂದು ಷರತ್ತು ಸೇರಿತು: ಮುತ್ತು ಬೇಕು ಅನ್ನೋದೇ ಏರಿಯಲ್‌ಗೆ ಮರೆತುಹೋಗೋ ಹಾಗೆ ಅರ್ಸುಲಾ ಮಾಡ್ತಾಳೆ. ಕರಾರಿನ ಶರತ್ತೇ ನೆನಪಿಲ್ಲದ ಸಾಲಗಾರ! ಇದರಿಂದ ಅವಳು ರಾಜಕುಮಾರನ ಹಿಂದೆ ಬೀಳೋದು ತಪ್ಪಿತು, ಕೊನೆಗೆ ಅರ್ಸುಲಾಳನ್ನ ಕೊಲ್ಲೋದೂ ಎರಿಕ್ ಅಲ್ಲ, ಅವಳೇ. ಆದ್ರೆ ಮರೆತವಳು ಯಾವ ಅಪಾಯ ಹೊತ್ತಿದ್ದಾಳೆ? ಅರಿವಿದ್ದೂ ಚೂರಿ ಮೇಲೆ ನಡೆದವಳ ಧೈರ್ಯ ಇಲ್ಲಿ ಸೋರಿಹೋಯಿತು ಅನ್ನಿಸ್ತು ನನಗೆ.

ಹೊಸದಾಗಿ ಯೋಚಿಸಿದವರು ಹಯಾವೊ ಮಿಯಾಜಾಕಿ, 2008ರ 'ಪೊನ್ಯೊ'ದಲ್ಲಿ. ಮೀನಿನ ಮರಿ ಹುಡುಗಿಯಾಗಬೇಕು ಅಂತ ಹಟ ಹಿಡಿಯುತ್ತೆ. ಆಗದಿದ್ರೆ ನೊರೆಯಾಗುತ್ತೆ ಅನ್ನೋ ಷರತ್ತು ಇಲ್ಲೂ ಇದೆ. ಆದ್ರೆ ಕಡಲ ತಾಯಿ ಒಂದು ಕೆಲಸ ಮಾಡ್ತಾಳೆ. ಆ ಐದು ವರ್ಷದ ಹುಡುಗ ಸೊಸುಕೆಯನ್ನ ಕರೆದು ನೇರವಾಗಿ ಕೇಳ್ತಾಳೆ: ಇವಳು ಮೀನು ಅಂತ ಗೊತ್ತಿದ್ದೂ ನಿನಗೆ ಒಪ್ಪಿಗೆಯಾ? ಅಷ್ಟೇ. ನಾನು ಹೆಸರಿಸಿದ ಬೇರೆ ಯಾವುದರಲ್ಲೂ ಆ ಹುಡುಗನನ್ನ ಮೊದಲೇ ಕೂರಿಸಿ ಹೀಗೆ ಕೇಳೋದಿಲ್ಲ. ಎಲ್ಲ ಷರತ್ತೂ ಯಾರ ತೀರ್ಮಾನದ ಮೇಲೆ ನಿಂತಿದೆಯೋ, ಅವನಿಗೇ ಆ ಕರಾರು ಇರೋದು ಗೊತ್ತಿರಲ್ಲ.

ಅಕ್ಕನ ಮಗಳಿಗೆ ಕಳೆದ ವಾರ ಮೂಲ ಕಥೆ ಹೇಳಿದೆ. ನಾಲಿಗೆ ಕತ್ತರಿಸೋದನ್ನ ಹೇಳಬೇಕೋ ಬೇಡವೋ ಅಂತ ಅಕ್ಕನ ಮುಖ ನೋಡಿದೆ, ಅವಳು ಹೇಳು ಅಂದಳು. ಚೀಟಿ ಪ್ರಶ್ನೆ ಈ ಸಲ ಬರಲಿಲ್ಲ. ಈ ಕಥೆಯಲ್ಲಿ ಸಹಿಯೇ ಇಲ್ಲವಲ್ಲ. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಇಲ್ಲ ಅಂತ ಅವನಿಗೆ ಗೊತ್ತಾಯ್ತಾ? ಹುಡುಕಿದ್ನಾ?" ಅಂದಳು.

ಹುಡುಕಿದ, ಅಂದೆ. ಆಂಡರ್ಸನ್ ಅದನ್ನ ಬರೆದಿದ್ದಾನೆ. ಬೆಳಿಗ್ಗೆ ರಾಜಕುಮಾರ ಮತ್ತು ಅವನ ಹೆಂಡತಿ ಇಬ್ಬರೂ ಹಡಗಿನಲ್ಲಿ ಅವಳಿಗಾಗಿ ಹುಡುಕ್ತಾರೆ, ಆಮೇಲೆ ನೀರಿನ ಮೇಲಿನ ನೊರೆಯನ್ನೇ ನೋಡ್ತಾ ನಿಲ್ತಾರೆ.