ಧನುಷ್ಕೋಡಿಯ ಎರಡು ಕಡಲುಗಳು

ಕಳೆದ ಜೂನಿನಲ್ಲಿ ರಾಮೇಶ್ವರದಿಂದ ಹೊರಟ ನಮ್ಮ ಪ್ರವಾಸದ ಬಸ್ಸು ಧನುಷ್ಕೋಡಿಯ ಭೂಶಿರದಲ್ಲಿ ನಿಂತಿತು. ಇಳಿದೊಡನೆ ಗಾಳಿ ಮುಖಕ್ಕೆ ಮರಳೆರಚಿತು. ಎಡಗಡೆಯ ಪಾಕ್ ಕೊಲ್ಲಿ ನಮ್ಮೂರ ಕೆರೆಯಂತೆ ಶಾಂತ. ಬಲಗಡೆಯ ಮನ್ನಾರ್ ಕೊಲ್ಲಿ ಭೋರ್ಗರೆಯುತ್ತಿತ್ತು. ಇದೇಕೆ ಹೀಗೆ? ಪಾಕ್ ಕೊಲ್ಲಿಗೆ ಆಳ ಕಡಿಮೆ, ಸುತ್ತಲೂ ನೆಲದ ಆಸರೆಯುಂಟು. ಮನ್ನಾರ್ ಕೊಲ್ಲಿ ಆಳವಾದುದು, ದಕ್ಷಿಣದ ಮಹಾಸಾಗರಕ್ಕೆ ತೆರೆದುಕೊಂಡುದು. ಮುಂಗಾರಿನ ಗಾಳಿ ಅಲೆಗಳನ್ನು ಅತ್ತಲಿಂದಲೇ ಅಟ್ಟಿಕೊಂಡು ಬರುತ್ತದೆ. ಬೆಸ್ತರು ಇವನ್ನು ಹೆಣ್ಣು ಕಡಲು, ಗಂಡು ಕಡಲು ಎನ್ನುತ್ತಾರೆ. ಹೆಸರೇನೋ ಚೆನ್ನ, ಆದರೆ ಹಿಂಗಾರಿನ ಈಶಾನ್ಯ ಮಾರುತ ಬೀಸಿದಾಗ ಆ ಸಾಧು ಕಡಲೂ ಕೆರಳುತ್ತದೆ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತವೆದ್ದು, ಪಾಂಬನ್‌ನಿಂದ ಬರುತ್ತಿದ್ದ ರೈಲು ನೂರಕ್ಕೂ ಹೆಚ್ಚು ಪ್ರಯಾಣಿಕರೊಡನೆ ಅಲೆಗಳ ಪಾಲಾಯಿತು. ಇಗರ್ಜಿಯ ಮೊಂಡುಗೋಡೆಗಳು ಇಂದಿಗೂ ನಿಂತಿವೆ. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರಕಾರ ಸಾರಿತು. ಆದರೂ ಬೆಸ್ತರು ಅಲ್ಲಿಯೇ ಗುಡಿಸಲು ಹಾಕಿಕೊಂಡಿದ್ದಾರೆ.